ಅತ್ತಿ ಕೈಕಟ್ಟಿ ಕೇಳಿದ ಆಲ್ಬಂಗಳು

ನಿಮಗಿಷ್ಟವಾದ ರಾಕ್ ಆಲ್ಬಂ ಯಾವುದು ಎಂದು ಯಾರಾದರೂ ಕೇಳಿದರೆ ಬಾಯಿಗೆ ಬಂದ ಒಂದು ಹೆಸರು ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಿಜವಾದ ಉತ್ತರ ಕೊಡಬೇಕೆಂದರೆ ಮೊದಲು ನನ್ನ ಅತ್ತಿಯ ವಿಷಯ ಹೇಳಬೇಕು. ಅಪ್ಪನ ಅಕ್ಕ ಅವಳು, ತಾಯಿ ಇಲ್ಲದ ನನ್ನನ್ನು ಸಾಕಿದವಳು. ಹಳಿಯಾಳದಿಂದ ಒಳಗೆ, ಕಾಡಿನ ಅಂಚಿಗಿರುವ ನಮ್ಮ ಸಿದ್ದಿ ಕೇರಿಯಲ್ಲಿ ಅವಳ ಮನೆ. ಎರಡೂ ಕಡೆ ಚರ್ಮ ಬಿಗಿದ ಡಮಾಮಿಯ ಮುಂದೆ ಅವಳು ಬಂದು ನಿಂತರೆ ಬಾರಿಸುತ್ತಿದ್ದ ಗಂಡಸರು ಎದ್ದು ಜಾಗ ಬಿಡುತ್ತಾರೆ. ಅದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರಿಗೆ ತಾನೇ ಹೇಳುತ್ತಾಳೆ.

ನಾನು ಗಿಟಾರ್ ನುಡಿಸುವವನು. ದಾಂಡೇಲಿಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ, ವಾರದ ಕೊನೆಗೆ ನದಿ ದಂಡೆಯ ರೆಸಾರ್ಟುಗಳಲ್ಲಿ ನುಡಿಸುತ್ತೇನೆ. ಆಫ್ರಿಕಾ ಮೂಲದ ಸಿದ್ದಿಗಳಿಗಿರುವ ನನ್ನ ಗುಂಗುರು ಕೂದಲು ನೋಡಿ ಪ್ರವಾಸಿಗರು ಯಾವ ದೇಶದವರು ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. "ಹಳಿಯಾಳ ತಾಲೂಕ್ರೀ" ಎನ್ನುತ್ತೇನೆ. ಆಮೇಲೆ ಸಿನಿಮಾ ಹಾಡು ನುಡಿಸಿ ಎನ್ನುತ್ತಾರೆ. ನುಡಿಸುತ್ತೇನೆ, ಹೊಟ್ಟೆಪಾಡು.

ನಮ್ಮ ಕೇರಿಯಲ್ಲಿ ಸಂಗೀತ ಕೇಳುವವರು ಎಂಬ ಜಾತಿಯೇ ಇಲ್ಲ. ಒಬ್ಬರು ಬಾರಿಸುತ್ತಾರೆ, ಒಬ್ಬರು ಹಾಡುತ್ತಾರೆ, ಕೈಯಲ್ಲಿ ಏನೂ ಇಲ್ಲದವರು ಅಡುಗೆಮನೆಯಿಂದ ತಾಟು ತರುತ್ತಾರೆ, ಉಳಿದವರು ಕುಣಿಯುತ್ತಾರೆ. ಸುಮ್ಮನೆ ಕೂತವನ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಕಣ್ಣು ಮುಚ್ಚಿ ಕೂತು ಇಡೀ ಆಲ್ಬಂ ಕೇಳುವುದನ್ನು ನಾನು ಕಲಿತದ್ದು ದಾಂಡೇಲಿಯ ಗೆಳೆಯರಿಂದ. ಕಲಿತವನು ಸುಮ್ಮನಿರಬೇಕಲ್ಲ! ಒಂದು ಸ್ಪೀಕರ್ ಹೊತ್ತು ಊರಿಗೆ ಹೋಗಿ, ಅತ್ತಿಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ, ನಾನು ಆಗ ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದ ಒಂದು ಆಲ್ಬಂ ಹಾಕಿದೆ. ಮೂರೇ ಜನ, ಹಾಡುಗಾರನಿಲ್ಲ, ಗಿಟಾರ್, ಬೇಸ್, ಡ್ರಮ್ಸ್. ಎರಡನೆಯ ತುಣುಕು ಘಟ್ಟ ಹತ್ತುವ ಲಾರಿಯ ಹಾಗೆ ನಿಧಾನ ಏರುತ್ತದೆ. ಅದು ಅರ್ಧ ಏರುವಷ್ಟರಲ್ಲಿ ಅತ್ತಿ ಡಮಾಮಿ ಎಳೆದುಕೊಂಡಿದ್ದಳು. ಪಕ್ಕದ ಮನೆಯವಳು ತಾಟಿಗೆ ಚಮಚ ಬಡಿಯುತ್ತಿದ್ದಳು. ನನ್ನ ಆಲ್ಬಂ ಎಲ್ಲಿ ಹೋಯಿತೋ ದೇವರೇ ಬಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಒಂದ್ ತಾಸು ಕೈ ಸುಮ್ಮನ ಇಡಾಕ ಆಗೂದಿಲ್ಲೇನು ನಿಮಗ?" ಎಂದೆ.

"ತಾಟಿಗೆ ಬಡಿಸಿ ಉಣಬ್ಯಾಡ ಅಂದಂಗಾತಲ್ಲೊ," ಎಂದಳು ಅತ್ತಿ. ಆಮೇಲೆ ಅವಳಿಗೂ ಸಿಟ್ಟು ಬಂತು. "ಆತು ಬಿಡು. ಇನ್ನ ನೀ ಏನ್ ಹಚ್ಚಿದ್ರೂ ಕೈ ಕಟ್ಟೇ ಕುಂಡ್ರತೇನಿ. ಕೈ ಬಿಡಸೂ ತಾಕತ್ತು ನಿನ್ನ ಹಾಡಿಗಿದ್ರ ಬಿಡಸ್ಲಿ."

ಅವಳ ಹಟ ಅವಳಿಗೆ, ನನ್ನದು ನನಗೆ. ಅಂದಿನಿಂದ ಊರಿಗೆ ಹೋದಾಗಲೆಲ್ಲ ಒಂದೊಂದು ಆಲ್ಬಂ ಒಯ್ದೆ. ದಾಂಡೇಲಿಯ ಗಿಟಾರ್ ಹುಡುಗರೆಲ್ಲ ಆಣೆ ಹಾಕುವ ಒಂದು ಆಲ್ಬಂ ಇದೆ. ಅದರ ಗಿಟಾರಿನವನು ಒಂದು ಸ್ವರ ಸಾಕಾದಲ್ಲಿ ಹತ್ತು ಸುರಿಯುತ್ತಾನೆ. ಅತ್ತಿ ಕೊನೆಯವರೆಗೂ ಕಲ್ಲಿನಂತೆ ಕೂತಿದ್ದಳು. "ಅಂವಾ ಮತ್ತೊಬ್ಬರಿಗೆ ಬಾಯಿ ತಗ್ಯಾಕ ಬಿಡೂದಿಲ್ಲ" ಎಂದಳು. ಆ ಆಲ್ಬಂ ಕೇಳಿ ಕೇಳಿ ನಾನೂ ದಣಿದಿದ್ದೆನೆಂದು ಒಪ್ಪಿಕೊಳ್ಳಲು ನನಗೆ ಆಗ ಧೈರ್ಯ ಬಂತು. ಇನ್ನೊಂದು, ವೇದಿಕೆಯ ಮೇಲೆ ನುಡಿಸುವಾಗ ಹಿಡಿದ ಹಳೆಯ ರೆಕಾರ್ಡಿಂಗ್. ತುಂಬ ಗೊರಗೊರ, ಡ್ರಮ್ಸಿನವನು ಪ್ರತಿ ಪೆಟ್ಟಿಗೂ ಕೂದಲೆಳೆಯಷ್ಟು ತಡ. ಮೂರನೆಯ ಹಾಡಿಗೇ ಅತ್ತಿಯ ಕೈ ಬಿಚ್ಚಿತು. ನನ್ನ ಲೆಕ್ಕದಲ್ಲಿ ಇವತ್ತಿಗೂ ಅದೇ ಎಲ್ಲಕ್ಕಿಂತ ಮೇಲಿನದು.

ಹಾಗೆಂದು ಅವಳ ಮಾತೇ ವೇದವಾಕ್ಯವಲ್ಲ. ಒಂದು ಗಿಟಾರ್, ಒಂದು ಪಿಟೀಲು ಮಾತ್ರ ಇರುವ ಆಲ್ಬಂ ಒಂದಿದೆ. ಸ್ವರಕ್ಕಿಂತ ಮೌನವೇ ಹೆಚ್ಚು. ಮುಂಜಾನೆ ಕಾಳಿ ನದಿಯ ಮೇಲೆ ಮಂಜು ಕೂತಿರುವಾಗ ಅದನ್ನು ಕೇಳಿದರೆ ನನಗೆ ಕಣ್ಣು ತುಂಬುತ್ತದೆ. ಅತ್ತಿ ಗೊರಕೆ ಹೊಡೆದಳು. ಅದರ ವಿಷಯದಲ್ಲಿ ಅವಳಿಗೆ ಕಿವಿಯಿಲ್ಲ, ಅಷ್ಟೇ. ಈ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ಕಳೆದ ವರ್ಷ ನನ್ನದೇ ಒಂದು ಆಲ್ಬಂ ಮಾಡಿದೆ, ಮಾತಿಲ್ಲದ ಗಿಟಾರ್ ತುಣುಕುಗಳು. ಅಂಬಿಕಾನಗರದ ಕ್ವಾರ್ಟರ್ಸಿನಲ್ಲಿರುವ ಗೆಳೆಯನ ಖಾಲಿ ಕೋಣೆಯಲ್ಲಿ ಗೋಡೆಗೆ ಗಾದಿ ಒರಗಿಸಿ ರೆಕಾರ್ಡ್ ಮಾಡಿದೆವು. ಗೆಳೆಯರು ಹೊಗಳಿದರು. ಗೆಳೆಯರ ಹೊಗಳಿಕೆ ಮದುವೆ ಊಟದ ಹೊಗಳಿಕೆಯಿದ್ದಂತೆ, ಕೈ ತೊಳೆಯುವವರೆಗೆ. ಅತ್ತಿಯ ಕೈ ಬಿಚ್ಚದಿದ್ದರೆ ಇದನ್ನು ಹೊರಗೆ ಬಿಡುವುದೇ ಇಲ್ಲ ಎಂದು ತೀರ್ಮಾನಿಸಿ ಒಂದು ಭಾನುವಾರ ಊರಿಗೆ ಹೋದೆ. ಚರ್ಚು, ಊಟ ಎರಡೂ ಮುಗಿದಿದ್ದವು.

ಮೊದಲನೆಯ ತುಣುಕು ಮುಗಿಯಿತು. ಕೈಕಟ್ಟಿದ್ದಳು. ಎರಡನೆಯದೂ ಮುಗಿಯಿತು.

"ಯಾಕೊ ಇಷ್ಟ್ ಅವಸರ? ಹಿಂದ ಯಾರರ ಬೆನ್ನ ಹತ್ಯಾರೇನು?" ಎಂದಳು.

ತುಂಬ ನೋವಾಯಿತು. ಅವಳು ಹೇಳಿದ ಮೇಲೆ ನನಗೂ ಹಾಗೆಯೇ ಕೇಳತೊಡಗಿತು. ಎಲ್ಲಿ ತುಸು ಖಾಲಿ ಕಂಡರೂ ಹೆದರಿ ಸ್ವರ ತುರುಕಿದ್ದೆ. ಸ್ಪೀಕರ್ ಆರಿಸಿ ಎದ್ದು ಹೋಗೋಣ ಎನ್ನಿಸಿತು. ಅಷ್ಟರಲ್ಲಿ ಮೂರನೆಯದು ಶುರುವಾಯಿತು. ಒಂದು ಸಂಜೆ ಬೆರಳು ಸೋತ ಮೇಲೆ ಒಂದೇ ಸಲಕ್ಕೆ ನುಡಿಸಿದ್ದು, ತೀರಾ ಬಡಕಲಾಯಿತೆಂದು ತೆಗೆದುಹಾಕಬೇಕೆಂದಿದ್ದದ್ದು. ಅತ್ತಿಯ ಕಂಕುಳಲ್ಲಿ ಬೆರಳುಗಳು ಅಲುಗಿದವು. ನಾನು ನೋಡಿದೆನೇ ಎಂದು ಓರೆಗಣ್ಣಿನಲ್ಲಿ ನೋಡಿದಳು. ನಾನು ಹಂಚು ಎಣಿಸುವವನಂತೆ ಮೇಲೆ ನೋಡಿದೆ. ನೋಡುತ್ತಿದ್ದಂತೆ ಡಮಾಮಿ ಮಾತಾಡಿತು. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ತಾಳ ತಪ್ಪೀತೆಂದು ಹೆದರಿದೆ. ಸದ್ದು ಕೇಳಿ ಅಕ್ಕಪಕ್ಕದವರು ಬಂದರು, ಹೆಂಗಸರು ಸೆರಗು ಸಿಕ್ಕಿಸಿಕೊಂಡರು, ಯಾರೋ ಒಬ್ಬರು ಕೊಂಕಣಿಯಲ್ಲಿ ಹಾಡು ಎತ್ತಿದರು, ಪಡಸಾಲೆ ಸಾಲದೆ ಅಂಗಳಕ್ಕಿಳಿದರು.

ಸ್ವಲ್ಪ ಹೊತ್ತಿನ ಮೇಲೆ ಸ್ಪೀಕರಿನತ್ತ ನೋಡಿದೆ. ಆಲ್ಬಂ ಯಾವಾಗಲೋ ಮುಗಿದುಹೋಗಿತ್ತು. ಅದು ಯಾರ ಗಮನಕ್ಕೂ ಬಂದಿರಲಿಲ್ಲ, ಕುಣಿತ ನಡೆದೇ ಇತ್ತು. ಒಬ್ಬ ಸಂಗೀತಗಾರನಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಿಕ್ಕಿಲ್ಲ, ಮತ್ತು ನನ್ನ ಜೀವಮಾನದಲ್ಲಿ ನಾನು ಅಷ್ಟು ಖುಷಿಪಟ್ಟದ್ದಿಲ್ಲ. ಮೂಲೆಗೆ ಒರಗಿಸಿಟ್ಟಿದ್ದ ಗಿಟಾರ್ ತೆಗೆದುಕೊಂಡು ಅಂಗಳಕ್ಕಿಳಿದೆ. ಅತ್ತಿ ತಲೆ ಎತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ಒಂಚೂರು ಸರಿದು ಪಕ್ಕದಲ್ಲಿ ನನಗೆ ಜಾಗ ಬಿಟ್ಟಳು.