ಎರ್ರಿಮಾಮನ ದನಿ

ಕೆಮ್ಮಿಗೆಂದು ಬ್ರೂಸ್‌ಪೇಟೆಯ ಅಂಗಡಿಯಿಂದ ಜ್ಯೇಷ್ಠಮಧು ತರಿಸಿದ್ದೆ. ಪೊಟ್ಟಣ ಬಿಚ್ಚಿದಾಗ ಬಂದ ವಾಸನೆಗೆ ಕೆಮ್ಮನ್ನೂ ಮರೆತು ಕೂತುಬಿಟ್ಟೆ. ಈ ವಯಸ್ಸಿನಲ್ಲಿ ಕೂರುವುದಕ್ಕೆ ಕಾರಣ ಬೇಕಿಲ್ಲ, ಏಳುವುದಕ್ಕೆ ಬೇಕು. ಆದರೂ ಇಂದು ಕಾರಣವಿತ್ತು. ನಮ್ಮ ಎರ್ರಿಮಾಮ, ಅಂದರೆ ಅವ್ವನ ತಮ್ಮ ಎರ್ರಿಸ್ವಾಮಿ, ದನಿ ಕೆಡದಿರಲೆಂದು ಈ ಬೇರಿನ ತುಂಡನ್ನು ದವಡೆಯಲ್ಲಿಟ್ಟುಕೊಂಡೇ ಬದುಕಿದವನು.

ಅವನ ಊರು ಕುರುಗೋಡು, ಇದ್ದದ್ದು ಬಳ್ಳಾರಿಯ ನಮ್ಮ ಮನೆಯಲ್ಲಿ. ನಾನು ಚಿಕ್ಕವಳಿದ್ದಾಗ, ನಲವತ್ತರ ದಶಕದಲ್ಲಿ, ಬಳ್ಳಾರಿಯಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯೊಂದರಲ್ಲಿ ಹಾಡುವ ಪಾತ್ರಗಳೆಲ್ಲ ಅವನವೇ. ಮೈಕಿಲ್ಲದ ಕಾಲ, ದನಿ ಕೊನೆಯ ಸಾಲಿಗೆ ಮುಟ್ಟಬೇಕು. ಅವನದು ಮುಟ್ಟಿ, ದಾಟಿ ಹೋಗುತ್ತಿತ್ತು. ಬೆಳಗಿನ ತಾಲೀಮು ಎರಡು ಓಣಿ ಆಚೆ ನಡೆದರೂ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಕೊನೆಯ ಮಂಗಳದ ಪದ ಶುರುವಾದರೆ ಅವ್ವ, "ಎರ್ರಿ ಮುಗಿಸಾಕತ್ತಾನ, ಹಂಚು ಇಡು" ಅನ್ನುವಳು. ಅವನು ಬಂದು ಕಾಲು ತೊಳೆಯುವ ಹೊತ್ತಿಗೆ ಮೊದಲ ರೊಟ್ಟಿ ಬುಟ್ಟಿಗೆ ಬಿದ್ದಿರುತ್ತಿತ್ತು. ನನಗೂ ಹಾಡು ಕಲಿಸಲು ನೋಡಿದ. ನಾಲ್ಕನೆಯ ದಿನ, "ನೀ ಕೇಳಾಕ ಹುಟ್ಟೀಯವ್ವ, ಹಾಡಾಕಲ್ಲ" ಎಂದ. ಅದನ್ನೇ ಬಿರುದು ಎಂದುಕೊಂಡು ಸಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಮದರಾಸಿನಿಂದ ಸಿನಿಮಾದವರು ಬಂದು ಅವನ ಹಾಡು ಕೇಳಿದರು. ಮುಖವೂ ಲಕ್ಷಣವಾಗಿತ್ತು, ತೆಲುಗು ಸಲೀಸಾಗಿ ಬರುತ್ತಿತ್ತು. ಹೋದ. ಅಲ್ಲಿ ಆದದ್ದನ್ನು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದ. ಅವನು ಮೈಕಿನ ಮುಂದೆ ಬಾಯಿ ತೆರೆದರೆ ಯಂತ್ರದ ಮುಂದೆ ಕೂತವರು ಬೆಚ್ಚಿಬೀಳುತ್ತಿದ್ದರಂತೆ. ದೂರ ನಿಲ್ಲಿಸಿದರು, ಗೋಡೆಗೆ ಮುಖ ಮಾಡಿಸಿದರು, ಪಿಸುಮಾತಿನ ಹಾಗೆ ಹಾಡಲು ಹೇಳಿದರು. ದನಿ ದೊಡ್ಡದು ಮಾಡಲು ಹತ್ತು ವರ್ಷ ಸಾಧನೆ ಮಾಡಿದವನು ಈಗ ಸಣ್ಣದು ಮಾಡಲು ತಿಂಗಳುಗಟ್ಟಲೆ ಕೂತ. ಅದೂ ಅವರಿಗೆ ಹಿಡಿಸಲಿಲ್ಲ. ಕೊನೆಗೆ ಹಾಡಿಗೆ ಬೇರೊಬ್ಬರನ್ನು ಕರೆಸಿದರು. ಮಾಮ ತುಟಿ ಆಡಿಸಿದ. ಚಿತ್ರ ಚೆನ್ನಾಗಿ ಓಡಿತು. ದನಿಯ ಸಂಗತಿಯನ್ನು ಮಾತ್ರ ಅವನು ಮನೆಗೆ ಬರೆಯಲಿಲ್ಲ.

ಚಿತ್ರ ಬಳ್ಳಾರಿಗೆ ಬಂದಾಗ ಕುರುಗೋಡಿನಿಂದ ಅಜ್ಜಿ, ಅವನ ತಾಯಿ, ಬಸ್ಸು ಹತ್ತಿ ಬಂದಳು. ಪೊರೆ ಬಂದು ಅವಳ ಎರಡೂ ಕಣ್ಣು ಹೋಗಿ ವರ್ಷಗಳಾಗಿದ್ದವು. "ನೋಡಾಕ ಅಲ್ಲ, ಕೇಳಾಕ ಬಂದೀನಿ" ಅಂದಳು. ಮಧ್ಯಾಹ್ನದ ಆಟ. ತೆರೆಯ ಮೇಲಿನದನ್ನು ಅವಳ ಕಿವಿಯಲ್ಲಿ ಹೇಳುವ ಕೆಲಸ ನನ್ನದು. ಮಾಮ ಮಾತಾಡಿದಾಗ ಅವಳ ಮುಖ ಅರಳಿತು. ಹಾಡು ಬಂತು, ಜನ ಸಿಳ್ಳೆ ಹೊಡೆದರು. ಅಜ್ಜಿ ಮಾತ್ರ ಇನ್ನೂ ಕಾಯುತ್ತ ಕೂತಿದ್ದಳು.

"ಯಾರು ಹಾಡಾಕತ್ತಾರ?"

"ಮಾಮ, ಅಜ್ಜಿ."

"ಮಾತು ಅವಂದು. ಹಾಡು ಅವಂದಲ್ಲ."

"ಬಾಯಿ ಆಡಾಕತ್ತೈತಿ. ನಾ ನೋಡಾಕತ್ತೀನಿ."

ಅಜ್ಜಿ ನನ್ನ ಕೈ ಬಿಟ್ಟಳು. "ನನ್ನ ಮಗನ ಗಂಟಲ ಹೋಗೈತಿ. ನೀವೆಲ್ಲ ಮುಚ್ಚಿಟ್ಟೀರಿ."

ಅಂದೇ ಹಟ ಹಿಡಿದು ಕುರುಗೋಡಿಗೆ ಹೊರಟಳು. ಜೊತೆಗೆ ನನ್ನನ್ನು ಕಳಿಸಿದರು. ಅಲ್ಲಿ ಅನ್ನ ಮುಟ್ಟಲಿಲ್ಲ. ಮಗ ಬಂದು ಹಾಡುವ ತನಕ ಮಜ್ಜಿಗೆಯೊಂದೇ ಅಂದಳು. ಅಪ್ಪ ಮದರಾಸಿಗೆ ತಂತಿ ಕೊಟ್ಟರು. ನಾಲ್ಕನೆಯ ದಿನ ಮಾಮ ಬಂದ. ಬಿಳಿ ಷರಾಯಿ, ಕಣ್ಣ ಕೆಳಗೆ ಕಪ್ಪು. ಅಂಗಳದಲ್ಲಿ ಅವಳ ಎದುರು ಕೂತ.

"ಗಂಟಲಿಗೆ ಏನೂ ಆಗಿಲ್ಲ ಯವ್ವಾ."

"ಹಂಗಾದ್ರ ಹಾಡು."

ಅದೇ ಮಂಗಳದ ಪದ ಎತ್ತಿಕೊಂಡ. ಹತ್ತು ಹೆಜ್ಜೆ ಆಚೆ ನಿಂತಿದ್ದ ನಾನು ಕೇಳಿಸಿಕೊಳ್ಳಲು ಮುಂದೆ ಬಾಗಬೇಕಾಯಿತು. ಸ್ವರ ತಪ್ಪಿರಲಿಲ್ಲ. ಆದರೆ ಮೂಗಿನ ಮುಂದೆ ಮೈಕು ತೂಗುಬಿಟ್ಟಂತೆ ಹಾಡುತ್ತಿದ್ದ. ಅವನಿಗೂ ಅದು ತಿಳಿಯಿತೇನೋ, ನಿಲ್ಲಿಸಿ, ಎದೆ ಸೆಟೆಸಿ ಮತ್ತೆ ಶುರುಮಾಡಿದ. ಮೂರನೆಯ ಸಾಲಿಗೆ ದನಿ ಮತ್ತೆ ಸಣ್ಣದಾಯಿತು, ಹಾಡು ಬಿಟ್ಟ. ಅಜ್ಜಿ ಕೈ ಚಾಚಿ ಅವನ ಗಂಟಲು ತಡವಿದಳು, ಎದೆಯ ಮೇಲೂ ಕೈಯಿಟ್ಟು ನೋಡಿದಳು.

"ಎಲ್ಲಾ ಇದ್ದಲ್ಲೇ ಐತಿ," ಎಂದಳು. "ದಣದೀಯಪ್ಪ."

"ಹೂಂ ಯವ್ವಾ. ದಣದೀನಿ."

"ಬಾ, ಉಣ್ಣೂಣು."

ಅವಳು ಅಂದು ಉಂಡಳು. ಅವನ ಕೈ ತುತ್ತಿನ ಮೇಲೆಯೇ ಬಹಳ ಹೊತ್ತು ಇತ್ತು.

ಒಪ್ಪಿಕೊಂಡಿದ್ದ ಇನ್ನೆರಡು ಚಿತ್ರ ಮುಗಿಸಿ ಬಂದು ಸಿರುಗುಪ್ಪದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಟ್ಟುಕೊಂಡು ಉಳಿದ. ಮದುವೆಮನೆಗಳಲ್ಲಿ ಜನ ಆ ಸಿನಿಮಾ ಹಾಡನ್ನೇ ಕೇಳುವರು. "ಅದು ನಂದಲ್ರಿ" ಅನ್ನುತ್ತಿದ್ದ. ಅದನ್ನು ವಿನಯ ಎಂದುಕೊಂಡರು. ಹೇಳಿ ಹೇಳಿ ಸಾಕಾಗಿ, ಆಮೇಲಾಮೇಲೆ ಅದೇ ಸಣ್ಣ ದನಿಯಲ್ಲಿ ಹಾಡಿ ಮುಗಿಸಿಬಿಡುತ್ತಿದ್ದ. ಚಪ್ಪಾಳೆ ಬೀಳುತ್ತಿತ್ತು. ಅವನ ಸ್ವಂತ ದನಿಯನ್ನು ಯಾರೂ, ಎಲ್ಲೂ, ಯಾವ ಗ್ರಾಮಫೋನ್ ತಟ್ಟೆಯಲ್ಲೂ ಹಿಡಿದಿಡಲಿಲ್ಲ. ನಾನಾದರೂ ಏನು ಕಡಿಮೆ? "ನಿಮ್ಮ ಮಾಮ ಎಷ್ಟು ಚೆನ್ನಾಗಿ ಹಾಡ್ಯಾರ" ಅಂದವರಿಗೆಲ್ಲ ಇಷ್ಟು ವರ್ಷ ತಲೆಯಾಡಿಸಿಕೊಂಡೇ ಬಂದೆ. ಪುಕ್ಕಟೆ ಸಿಕ್ಕ ಹೆಮ್ಮೆಯನ್ನು ಬಿಡಲು ಮನಸ್ಸು ಬರಲಿಲ್ಲ.

ಈಗ, ನಾನು ಹೀಗೆ ಕೂತಿರುವಾಗಲೇ, ಪಕ್ಕದ ಮನೆಯ ಸೊಸೆ ಫೋನು ಹಿಡಿದು ಬಂದಳು. ಆ ಹಾಡು ಎಲ್ಲೋ ಸಿಕ್ಕಿದೆ. ಎರ್ರಿಮಾಮ ಕಪ್ಪು ಬಿಳುಪಿನಲ್ಲಿ ನಗುತ್ತಿದ್ದಾನೆ.

"ನಿಮ್ಮ ಮಾಮಾರ ದನಿ ಎಷ್ಟು ಛಂದ ಐತ್ರಿ ಅಜ್ಜಿ."

"ಮುಖ ಅವಂದು," ಎಂದೆ. "ದನಿ ಬ್ಯಾರೆಯವರದು."

ಅವಳು ಹಾಡು ನಿಲ್ಲಿಸಿದಳು. "ಹಂಗಾದ್ರ ಅವರ ದನಿ ಹೆಂಗಿತ್ರಿ?"

ದೊಡ್ಡದಿತ್ತು ಎಂದೆ. ಅಷ್ಟು ಹೇಳಿಯೂ ಏನೂ ಹೇಳಿದಂತಾಗಲಿಲ್ಲ. ಅದನ್ನು ಕಿವಿಯಾರೆ ಕೇಳಿದವರಲ್ಲಿ ಉಳಿದವಳು ನಾನೊಬ್ಬಳೇ ಎಂಬುದು ಆಗ ತಲೆಗೆ ಹೊಕ್ಕಿತು. ಮೈಯಲ್ಲಿ ಆಯಾಸವಿತ್ತು, ಹೊತ್ತೂ ಇಳಿಯುತ್ತಿತ್ತು.

"ಕುಂದ್ರವ್ವ," ಎಂದೆ. "ಹೇಳ್ತೀನಿ."