ಮಗನಿಗೆ ನಾನು ಹಾಕಿದ ಆಣೆ

ಮೊಮ್ಮಕ್ಕಳೇ, ನಿನ್ನೆ ಮನೆಗೆ ಬಂದವರ ಮುಂದೆ ನಿಮ್ಮಲ್ಲಿ ಸಣ್ಣವನು ಗೋಡೆಯ ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದ್ದನ್ನು ಹೇಳತೊಡಗಿದ. ನಾನು "ಸುಮ್ಮನ ಕುಂದ್ರೋ, ಸಾಕು" ಎಂದು ಗದರಿದೆ. ಅವನ ಮುಖ ಬಾಡಿತು. ಇಷ್ಟು ವಯಸ್ಸಾದರೂ ಒಂದು ಹಳೆಯ ಹೆದರಿಕೆ ನನ್ನ ಬಾಯಿಂದ ತಾನಾಗಿಯೇ ಹೊರಬೀಳುತ್ತದೆ. ಎದುರು ಕೂತು ಹೇಳಲು ನನಗೆ ಬರುವುದಿಲ್ಲ. ನಮ್ಮೂರ ಗುಡಿಯಲ್ಲಿ ಅಯ್ಯನವರು ಕಲಿಸಿದ ನಾಲ್ಕು ಅಕ್ಷರ ಇವೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪನಿಗೆ ಒಬ್ಬ ಅಣ್ಣ ಇದ್ದ, ನನ್ನ ಹಿರಿಯ ಮಗ. ಆಗ ಶಾಲೆಯೆಂದರೆ ಉರ್ದು. ಐದು ವರ್ಷದ ಹುಡುಗ, ಶಾಲೆಯ ಕಟ್ಟೆಯ ಮೇಲೆ ಕೂತು ಕೇಳಿಯೇ ಕಲಿತಿದ್ದ. ನಿಜಾಮರ ರಾಜ್ಯ ಹೋದ ವರ್ಷ ಸಿಂಧನೂರಿನ ನನ್ನ ತವರಲ್ಲಿ ಮದುವೆ. ಚಪ್ಪರದಲ್ಲಿ ಯಾರೋ ಕೊಟ್ಟ ಉರ್ದು ಕಾಗದವನ್ನು ಅವನು ಎಲ್ಲೂ ತಡವರಿಸದೆ ಓದಿದ. ನೂರು ಕಣ್ಣು ಅವನ ಮೇಲೆ. ಒಬ್ಬ ಮುದುಕಿ ಕೆನ್ನೆ ಸವರಿ, "ಇಷ್ಟ ಶ್ಯಾಣ್ಯಾ ಹುಡುಗ್ರು ಬಾಳಾಂಗಿಲ್ಲವ್ವಾ" ಎಂದಳು. ಎಂಟನೇ ದಿನಕ್ಕೆ ಜ್ವರ. ಹತ್ತನೇ ದಿನ ಅವನಿಲ್ಲ.

ಆಗ ನಿಮ್ಮಪ್ಪ ಒಂದೂವರೆ ವರ್ಷದವನು. ಸಂತೆಕಲ್ಲೂರಿನ ಹತ್ತಿರದ ನಮ್ಮೂರಿಗೆ ಬಂದವಳೇ ಹಿರಿಯರು ಹೇಳಿದಂತೆ ಅವನನ್ನು ತಿಪ್ಪೆಯ ಮೇಲೆ ಮಲಗಿಸಿ ತಿರುಗಿ ನೋಡದೆ ಬಂದೆ. ನೆರೆಮನೆಯಾಕೆ ಎತ್ತಿಕೊಂಡು ಬಂದು ಒಂದು ಮೊರ ತೌಡಿಗೆ ನನಗೇ ಮಾರಿದಳು. ಯಾರಿಗೂ ಬೇಡದ ಕೂಸು ಎಂದು ಸಾವು ಮುಂದೆ ಹೋಗಲಿ ಎಂಬ ಆಸೆ. ಆಮೇಲೆ ಆಕೆ ಸಿಕ್ಕಾಗಲೆಲ್ಲ, "ನನ್ನ ಮಗನ್ನ ಅಗ್ಗಕ್ಕ ಹೊಡ್ಕೊಂಡಿ ಬಿಡವ್ವಾ, ಇನ್ನೊಂದು ಮೊರ ಕೇಳಬೇಕಿತ್ತು ನಾ" ಎಂದು ನಗುತ್ತಿದ್ದಳು.

ನಾಲ್ಕು ತುಂಬುವ ಹೊತ್ತಿಗೆ ಇವನೂ ಅಣ್ಣನಂತೆ ಜಾಣನೇ ಎಂದು ಗೊತ್ತಾಯಿತು. ನಾನು ಬೀಸುತ್ತಿದ್ದರೆ ಅಂಗಳದಿಂದಲೇ "ಅವ್ವಾ, ಕಾಳು ಮುಗದಾವ" ಎನ್ನುತ್ತಿದ್ದ, ಬೀಸುವ ಕಲ್ಲಿನ ಸದ್ದು ಕೇಳಿಯೇ. ಓಣಿಯ ತಿರುವಿನಲ್ಲಿ ಬರುವ ಎತ್ತು ಯಾರದೆಂದು ಹೆಜ್ಜೆ ಕೇಳಿ ಹೇಳುತ್ತಿದ್ದ. ಬೇರೆ ತಾಯಂದಿರು ಹಿಗ್ಗುತ್ತಿದ್ದರೇನೋ. ನನಗೆ ಚಪ್ಪರದ ಮುದುಕಿಯ ಮಾತು ನೆನಪಾಗುತ್ತಿತ್ತು. ಆರು ತುಂಬಿ ಶಾಲೆಗೆ ಕಳಿಸುವ ದಿನ ಬಾಗಿಲು ಮುಂದಕ್ಕೆ ಮಾಡಿ ಅವನ ಕೈಯನ್ನು ನನ್ನ ತಲೆಯ ಮೇಲಿಟ್ಟುಕೊಂಡೆ.

"ಮಂದಿ ಮುಂದ ಏನೂ ಹೇಳಬ್ಯಾಡ. ಯಾರ ಕೇಳಿದ್ರೂ ಗೊತ್ತಿಲ್ಲ ಅನ್ನು. ಹೇಳಿದಿ ಅಂದ್ರ ನಾ ಸಾಯ್ತೀನಿ. ನನ್ನಾಣಿ."

ಅವನು ಹೂಂ ಅಂದ.

ಎರಡು ವರ್ಷ ಒಂದನೇ ಇಯತ್ತೆಯಲ್ಲೇ ಉಳಿದ. ಆಗ ಶಾಲೆ ಕನ್ನಡಕ್ಕೆ ಬಂದಿತ್ತು. ಮಾಸ್ತರರು ನಿಮ್ಮಜ್ಜನಿಗೆ, "ಹುಡುಗ ಬಾಳ ಸಂಭಾವಿತ. ತಲಿ ಮಾತ್ರ ಇಲ್ಲ" ಎಂದರಂತೆ. "ಮುಂದಿನ ವರ್ಷ ಬಿಡಿಸಿ ಹೊಲಕ್ಕ ಹಚ್ಚತೀನಿ" ಎಂದರು ನಿಮ್ಮಜ್ಜ. ಮುಚ್ಚಿಡುವುದಿಲ್ಲ, ನನಗೆ ಸಮಾಧಾನವಾಯಿತು. ದಡ್ಡನಾದರೆ ಬಾಳುತ್ತಾನೆ.

ಆದರೆ ಒಂದು ದಿನ ಬೀಸುತ್ತ, "ಕಾಳು ಮುಗದಾವೇನೋ?" ಎಂದು ನಾನೇ ಕೇಳಿದೆ. ಮನೆಯಲ್ಲಿ ನಾವಿಬ್ಬರೇ.

"ಗೊತ್ತಿಲ್ಲ."

ಕಣ್ಣು ಎತ್ತಲೂ ಇಲ್ಲ. ಆ ದಿನದಿಂದ ನನಗೆ ಎರಡು ಹೆದರಿಕೆ: ಜಾಣನಾದರೆ ಸಾವು ಒಯ್ಯುತ್ತದೆಂದು ಒಂದು, ಅವನ ಬಾಯಿ ನಾನೇ ಕಟ್ಟಿಬಿಟ್ಟೆನೆಂದು ಇನ್ನೊಂದು.

ಮರುತಿಂಗಳು ಮಸ್ಕಿ ಸಂತೆಗೆ ಜೋಳದ ಚೀಲ ಹೇರಿಕೊಂಡು ಹೊರಟೆವು. ನಿಮ್ಮಜ್ಜ ಬಂಡಿ ಹೊಡೆಯುತ್ತಿದ್ದರು. ಚೀಲದ ಮೇಲೆ ನಾನು, ನೆರೆಮನೆಯಾಕೆ, ನಡುವೆ ನಿಮ್ಮಪ್ಪ. ಸ್ವಲ್ಪ ದೂರ ಹೋದಮೇಲೆ ಅವನು ಬಲಗಡೆಯ ಗಾಲಿಯತ್ತ ಕಿವಿ ಕೊಟ್ಟು ಕೂತ. ಆಮೇಲೆ ನನ್ನನ್ನು ನೋಡಿದ. ಮತ್ತೆ ಗಾಲಿ, ಮತ್ತೆ ನಾನು. ತುಟಿ ಬಿಳಿಚಿತ್ತು.

"ಏನೋ ನನ್ನ ತಿಪ್ಪಿ ಬಂಗಾರ, ಗಾಲಿ ಏನ್ ಹೇಳಾಕತ್ತೈತಿ ನಿನಗ?" ಎಂದು ನೆರೆಮನೆಯಾಕೆ ತಮಾಷೆ ಮಾಡಿದಳು.

"ಗೊತ್ತಿಲ್ಲ" ಎಂದ. ಕಣ್ಣಲ್ಲಿ ನೀರು ತುಂಬಿತ್ತು. ಬಿಸಿಲಿಗೆ ಇರಬೇಕೆಂದು ನಾನು ಸೆರಗು ಹೊದಿಸಿದೆ.

ಹಳ್ಳದ ಇಳಿಜಾರಿನಲ್ಲಿ ಗಾಲಿಯ ಕೀಲು ಬಿಚ್ಚಿಕೊಂಡು ಬಿತ್ತು. ಗಾಲಿ ಕಳಚಿಕೊಂಡು ಉರುಳಿಹೋಯಿತು, ಬಂಡಿ ಮಗುಚಿತು. ನಾವು ಮೂವರೂ ಮರಳಿಗೆ ಬಿದ್ದೆವು. ನಿಮ್ಮಜ್ಜನ ಕಾಲಿನ ಮೇಲೆ ಚೀಲ ಬಿತ್ತು.

ಹಿಂದೆ ಬಂದ ಬಂಡಿಯವರು ಲಿಂಗಸುಗೂರಿನ ದವಾಖಾನೆಗೆ ಮುಟ್ಟಿಸಿದರು. ಮುರಿದ ಕಾಲಿಗೆ ಪಟ್ಟಿ ಕಟ್ಟಿದರು. ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಾಗ ಮಗನ ಕಿವಿಯಲ್ಲಿ ಕೇಳಿದೆ. "ನಿನಗ ಗೊತ್ತಿತ್ತೇನಪ್ಪಾ?"

"ಗೊತ್ತಿತ್ತು. ಗಾಲಿ ಸದ್ದು ಬ್ಯಾರೆ ಆಗಿತ್ತು."

"ಹೇಳಬಾರದಿತ್ತೇನೋ!"

"ಬಾಜೂಮನಿ ಆಕಿ ಇದ್ದಳಲ್ಲಬೇ. ಮಂದಿ ಮುಂದ ಹೇಳಿದ್ರ ನೀ ಸಾಯ್ತಿದ್ದಿ."

ನಿಮ್ಮಜ್ಜ ನಿದ್ದೆಯಲ್ಲಿದ್ದಾರೆ ಎಂದುಕೊಂಡಿದ್ದೆ. ಅವರು ಕಣ್ಣು ತೆರೆದರು. ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಹೇಳಿದ್ದಿಷ್ಟೇ: "ತಲಿ ಇಲ್ಲ ಅಂದ್ರು ಮಾಸ್ತರು. ಎಂಟು ವರ್ಷದ ಹುಡುಗ, ನೀ ಕಲಿಸಿದ್ದನ್ನ ಎಷ್ಟ ಚಂದ ಕಲ್ತಾನ ನೋಡು. ನಾ ನಡೀಲಾರೆ. ನೀನ ಹೋಗಿ ಹೇಳು."

ಗಂಡಸರ ಮುಂದೆ ನಿಂತು ಮಾತಾಡಿದವಳೇ ಅಲ್ಲ ನಾನು. ಊರಿಗೆ ಬಂದ ಮರುದಿನ ಶಾಲೆಯ ಬಾಗಿಲಲ್ಲಿ ನಿಂತರೆ ಒಳಗಿನ ಹುಡುಗರೆಲ್ಲ ತಿರುಗಿ ನೋಡಿದರು. ಮಾಸ್ತರರು "ಏನ್ ಬೇಕಾಗಿತ್ತವ್ವಾ?" ಎಂದರು. ಹೊಸ್ತಿಲಿಗೆ ಹೇಳಿದಂತೆ ಹೇಳಿದೆ. "ಅಂವಗ ಎಲ್ಲಾ ಬರ್ತೈತ್ರಿ. ಹೇಳಬ್ಯಾಡಂತ ನಾನ ಆಣಿ ಹಾಕಿದ್ದೆ." ಹಿರಿಯವನ ವಿಷಯವನ್ನೂ ಹೇಳಿದೆ. ಅವರು ನಗಲಿಲ್ಲ. ಮಗನನ್ನು ಮುಂದೆ ಕರೆದು ಮೆಲ್ಲಗೆ, "ಎರಡರ ಮಗ್ಗಿ ಬರ್ತೈತೇನಪ್ಪಾ?" ಎಂದರು.

ಅವನು ನನ್ನನ್ನು ನೋಡಿದ. ನನ್ನ ಕಣ್ಣ ಮುಂದೆ ಅದೇ ಸಿಂಧನೂರಿನ ಚಪ್ಪರ, ನೂರು ಕಣ್ಣು. ಆದರೂ ಒಳಗೆ ಹೋಗಿ, ಅಷ್ಟೂ ಹುಡುಗರ ಮುಂದೆ ಅವನ ಕೈಯನ್ನು ನನ್ನ ತಲೆಯ ಮೇಲಿಟ್ಟುಕೊಂಡೆ.

"ಆಣಿ ತಗದೀನಿ. ನಾ ಸಾಯಾಂಗಿಲ್ಲ. ಹೇಳು."

"ಎರಡರದು ಬ್ಯಾಡ್ರಿ" ಎಂದ ಮಾಸ್ತರರಿಗೆ. "ಹತ್ತೊಂಬತ್ತರದು ಹೇಳ್ಲ್ಯಾ?" ಮೇಲಿನ ಇಯತ್ತೆಯವರು ಹೇಳುವುದನ್ನು ಕೇಳಿಕೊಂಡೇ ಕಲಿತದ್ದು. ಹಿಂದಿನಿಂದ ಮುಂದಕ್ಕೆ ಹೇಳಿದ. ನೂರಾ ತೊಂಬತ್ತು ಎಂದ, ನನ್ನನ್ನು ನೋಡಿದ. ನೂರಾ ಎಪ್ಪತ್ತೊಂದು ಎಂದ, ಮತ್ತೆ ನೋಡಿದ. ಪ್ರತಿ ಸಲವೂ ನಾನು ಉಸಿರಾಡುತ್ತಿದ್ದೇನೆಯೇ ಎಂದು ನೋಡುತ್ತಿದ್ದ. ಮಗ್ಗಿ ಮುಗಿಯುವವರೆಗೆ ನಾನು ಕೂರಲಿಲ್ಲ.

ಮರುದಿನದಿಂದ ಮೊರ ತೆಗೆದುಕೊಂಡು ಹೋಗಿ ಶಾಲೆಯ ಎದುರಿನ ಬೇವಿನ ಮರದ ಕೆಳಗೆ ಜೋಳ ಹಸನು ಮಾಡುತ್ತ ಕೂತೆ, ಕಿಟಕಿಗೆ ಕಾಣುವ ಹಾಗೆ. "ಮಗನ ಸಂಗಾಟ ನೀನೂ ಪಾಸ್ ಆಗ್ತೀ ಬಿಡು" ಎಂದು ನೆರೆಮನೆಯಾಕೆ ನಕ್ಕಳು. ಮೊದಲು ಘಳಿಗೆಗೊಮ್ಮೆ ಹೊರಗೆ ನೋಡುತ್ತಿದ್ದ. ಆಮೇಲೆ ಆಗೊಮ್ಮೆ ಈಗೊಮ್ಮೆ. ಹದಿನೈದು ದಿನವಾದ ಮೇಲೆ ಒಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಸಲವೂ ನೋಡಲಿಲ್ಲ. ನಾನು ಮೊರ ಎತ್ತಿಕೊಂಡು ಮನೆಗೆ ಬಂದೆ.

ನನ್ನ ಹೆದರಿಕೆ ಹೋಯಿತೆಂದು ತಿಳಿಯಬೇಡಿ. ಅವನು ಪಾಸಾದ ಪ್ರತಿ ವರ್ಷವೂ ದೃಷ್ಟಿ ತೆಗೆದಿದ್ದೇನೆ. ಜ್ವರ ಬಂದೀತೆಂದು ಎಂಟು ದಿನ ಎಣಿಸಿದ್ದೇನೆ.

ನಿನ್ನೆ ಬಂದವರು ನಾಳೆ ಮತ್ತೆ ಬರುತ್ತಾರಂತೆ. ಸಣ್ಣವನೇ, ಗಡಿಯಾರದ ವಿಷಯ ಮೊದಲಿನಿಂದ ಹೇಳು. ನಾನು ಅಲ್ಲೇ, ನಿನಗೆ ಕಾಣುವ ಹಾಗೆ ಕೂತಿರುತ್ತೇನೆ.