ಹಿತ್ತಿಲ ಹಂಡೆಯ ನೀರು

ಅದು ೨೦೧೬ನೆಯ ಇಸವಿ. ನನಗಾಗ ನಲವತ್ತೇಳು ವರ್ಷ. ಮೊಳಕಾಲ್ಮೂರಿನ ಒಂದು ಮನೆಯ ಹಿತ್ತಿಲಿನಲ್ಲಿ, ಮೂರು ಕಲ್ಲುಗಳ ಒಲೆಯ ಮೇಲೆ ಕುಳಿತಿದ್ದ ತಾಮ್ರದ ಹಂಡೆಯೊಂದನ್ನು ನಾನು ಮೊದಲ ಬಾರಿಗೆ ಕಂಡದ್ದು ಆ ವರ್ಷ. ಹಂಡೆಯಲ್ಲಿ ವಿಶೇಷವೇನೂ ಇರಲಿಲ್ಲ. ಹೊರಮೈ ಮಸಿ ಹಿಡಿದು ಕಪ್ಪಾಗಿತ್ತು, ಕಂಠದ ಒಂದು ಪಕ್ಕ ನೆಗ್ಗಿತ್ತು, ಮುಚ್ಚಳ ಎಂದೋ ಕಳೆದುಹೋಗಿ ಅದರ ಜಾಗಕ್ಕೆ ಹಳೆಯ ಅಲ್ಯೂಮಿನಿಯಂ ತಟ್ಟೆಯೊಂದು ಬಂದಿತ್ತು. ಆದರೆ, ಓದುಗ ಮಿತ್ರರೇ, ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ನಾಲ್ಕು ಜನ ಬಲ್ಲವರೊಬ್ಬರು ತೀರಿಕೊಂಡ ದಿನವೆಲ್ಲ ಆ ಹಂಡೆಯ ಕೆಳಗೆ ಉರಿ ಇರುತ್ತಿತ್ತು. ಹಿತ್ತಿಲಿನಿಂದ ಹೊಗೆ ಎದ್ದರೆ, ಇವತ್ತು ಯಾರೋ ಹೋಗಿದ್ದಾರೆ ಎಂದು ಅಕ್ಕಪಕ್ಕದ ಮಗ್ಗದ ಮನೆಗಳವರು ಕೈ ನಿಲ್ಲಿಸಿ ನೋಡುತ್ತಿದ್ದರು.

ಅದು ಪತ್ರಕರ್ತ ಮಹಾರುದ್ರಪ್ಪನವರ ಮನೆ. ನಾನು ಚಳ್ಳಕೆರೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದವನು. ಮಕ್ಕಳಿಲ್ಲದೆ ಆ ಶಾಲೆ ಮುಚ್ಚಿದ ಮೇಲೆ, ಜಿಲ್ಲಾ ದಿನಪತ್ರಿಕೆಯೊಂದರ ಚಳ್ಳಕೆರೆ ಕಚೇರಿಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಕಚೇರಿ ಎಣ್ಣೆ ಮಿಲ್ಲುಗಳ ಬೀದಿಯ ಒಂದು ಮಹಡಿಯ ಮೇಲೆ. ಶೇಂಗಾ ಹಿಂಡಿಯ ವಾಸನೆ ಕಿಟಕಿಯಿಂದ ಬಂದು ಬರೆದ ಹಾಳೆಗಳಿಗೂ ಹತ್ತಿಕೊಳ್ಳುತ್ತಿತ್ತು. ಮಹಾರುದ್ರಪ್ಪನವರು ಅದೇ ಪತ್ರಿಕೆಯ ಮೊಳಕಾಲ್ಮೂರು ವರದಿಗಾರರು. ಆಗಲೇ ಎಪ್ಪತ್ತರ ಸಮೀಪ; ಸಕ್ಕರೆ ಕಾಯಿಲೆ ಹಳೆಯದು, ಕಣ್ಣು ಮಂಜಾಗತೊಡಗಿತ್ತು. ಜೀವಮಾನವಿಡೀ ಬರೆದರೂ ಅವರ ಹೆಸರು ಪತ್ರಿಕೆಯಲ್ಲಿ ಅಚ್ಚಾದದ್ದು ವಿರಳ. ‘ನಮ್ಮ ಪ್ರತಿನಿಧಿಯಿಂದ’ ಎಂಬ ಎರಡು ಪದಗಳ ಹಿಂದೆ ಅವರು, ಕಂಬದ ಹಿಂದೆ ನಿಂತು ಮದುವೆ ನೋಡುವವರಂತೆ, ಸುಖವಾಗಿಯೇ ಇದ್ದರು.

ನಿಧನವಾರ್ತೆ ಬರೆಯುವುದರಲ್ಲಿ ಅವರಿಗೊಂದು ನೇಮವಿತ್ತು. ಮೃತರ ಮುಖವನ್ನು ತಾವೇ ಹೋಗಿ ನೋಡದೆ ಅವರು ಸಾವಿನ ಸುದ್ದಿ ಕಳುಹಿಸುತ್ತಿರಲಿಲ್ಲ. ಬಸ್ಸು, ಆಟೊ, ಯಾರದೋ ಬೈಕಿನ ಹಿಂದಿನ ಸೀಟು, ಹೇಗಾದರೂ ಸರಿ, ಹೋಗಿ ನೋಡಿ, ಹಾರ ಹಾಕಿ, ತಿರುಗಿ ಬಂದು, ಹಿತ್ತಿಲಲ್ಲಿ ಮಿಂದು, ಆಮೇಲೆ ಬರೆಯಲು ಕೂರುತ್ತಿದ್ದರು. ಫೋನು ಬಂದೊಡನೆ ಮಡದಿ ಗೌರಮ್ಮನವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಏನ್ರೀ, ನೀರಿಗೆ ಉರಿ ಹಾಕ್ಲಾ?”

“ನಮ್ಮ ಮತದಾಗೆ ಸೂತಕ ಇಲ್ಲ ಕಣೇ” ಎಂದು ಅವರು ಪ್ರತಿ ಸಲವೂ ವಾದಿಸುತ್ತಿದ್ದರು.

“ಸೂತಕಕ್ಕಲ್ಲ ಬಿಡ್ರಿ, ಬಸ್ಸಿನ ಧೂಳಿಗೆ” ಎಂದು ಗೌರಮ್ಮನವರೂ ಪ್ರತಿ ಸಲ ಉತ್ತರಿಸುತ್ತಿದ್ದರು. ಸಿದ್ಧಾಂತ ಗಂಡನದು, ಸೌದೆ ಹೆಂಡತಿಯದು, ಗೆಲ್ಲುತ್ತಿದ್ದುದು ಸೌದೆ.

ಈ ನೇಮ ಹುಟ್ಟಿದ ಬಗೆಯನ್ನು ಮಹಾರುದ್ರಪ್ಪನವರೇ ಹೇಳಿದ್ದರು. ನಮ್ಮ ಸೀಮೆಯಲ್ಲಿ ನಾಯಕನಹಟ್ಟಿಯ ಸ್ವಾಮಿಗೆ ಹರಕೆ ಹೊತ್ತು ಹೆತ್ತ ಗಂಡುಮಕ್ಕಳೆಲ್ಲ ತಿಪ್ಪೇಸ್ವಾಮಿಗಳೇ. ಒಂದು ಬೀದಿಯಲ್ಲಿ ನಿಂತು ಆ ಹೆಸರು ಕೂಗಿದರೆ ಮೂರು ಬಾಗಿಲುಗಳು ತೆರೆಯುತ್ತವೆ. ಅವರು ವರದಿಗಾರರಾದ ಹೊಸತರಲ್ಲಿ ಮಗ್ಗದ ಬೀದಿಯ ಒಬ್ಬ ತಿಪ್ಪೇಸ್ವಾಮಿ ತೀರಿಕೊಂಡ ಸುದ್ದಿಯನ್ನು ಚಹದ ಅಂಗಡಿಯಲ್ಲಿ ಕೇಳಿ, ಇನ್ನೊಬ್ಬ ತಿಪ್ಪೇಸ್ವಾಮಿಯ ವಿವರ ಸೇರಿಸಿ ಕಳುಹಿಸಿಬಿಟ್ಟರು. ಸುದ್ದಿ ಅಚ್ಚಾದ ಮರುದಿನ, ಬೆಳಗಿನ ಮೊದಲ ಬಸ್ಸಿಗೆ ಆಂಧ್ರದ ಕಡೆಯಿಂದ ಆತನ ತಂಗಿ ಎದೆ ಬಡಿದುಕೊಂಡು ಬಂದಿಳಿದಳು. ಬಂದು ನೋಡಿದರೆ ಅಣ್ಣ ಮಗ್ಗದ ಗುಂಡಿಯಲ್ಲಿ ಕುಳಿತು ಸೀರೆಯ ಸೆರಗು ನೇಯುತ್ತಿದ್ದಾನೆ. ಆಕೆ ಅಲ್ಲಿಯೇ ಕುಸಿದಳು. ಎದ್ದ ಮೇಲೂ ಮೊದಲಿನ ಹಾಗೆ ಆಗಲಿಲ್ಲವಂತೆ, ಅಣ್ಣ ಎದುರಿಗಿದ್ದರೂ ಮುಟ್ಟಿ ಮುಟ್ಟಿ ನೋಡುತ್ತಿದ್ದಳಂತೆ. ಕ್ಷಮೆ ಕೇಳಲು ಹೋದ ಮಹಾರುದ್ರಪ್ಪನವರ ಅಂಗಿ ಹಿಡಿದು ಆಕೆ ತೆಲುಗಿನಲ್ಲಿ ಹೇಳಿದ್ದು ಒಂದೇ ಮಾತು: “ಮುಖಂ ಚೂಸಿ ರಾಯವಯ್ಯಾ!” ಮುಖ ನೋಡಿ ಬರಿಯಪ್ಪಾ.

ಅಂದಿನಿಂದ ನೋಡಿಯೇ ಬರೆದರು.

ಅವರ ನಿಧನವಾರ್ತೆಗಳನ್ನು ತಿದ್ದುವಾಗ ನನಗೆ ಒಳಗೊಳಗೇ ಅಸಮಾಧಾನವಾಗುತ್ತಿತ್ತು. ವಾಕ್ಯಗಳು ದೋಷರಹಿತ, ಆದರೆ ಬೋಳು. ನಾನು ಒಮ್ಮೆ ‘ನಿಧನರಾದರು’ ಎಂಬುದನ್ನು ‘ವಿಧಿವಶರಾದರು’ ಎಂದು ಸಿಂಗರಿಸಿದೆ. ಮರುದಿನ ಬೆಳಗ್ಗೆಯೇ ಫೋನು ಬಂತು. “ಮೇಷ್ಟ್ರೇ, ಆತ ವಿಧಿವಶ ಆದ್ನೋ ಬೀಪಿವಶ ಆದ್ನೋ ನಿಮಗೆ ಹೆಂಗೆ ಗೊತ್ತಾತು? ಸತ್ತಿದ್ದನ್ನ ನಾನು ನೋಡೀನಿ. ಅಷ್ಟು ಬರ್ದೀನಿ. ಉಳಿದಿದ್ದು ನೀವು ನೋಡಿದ್ರೆ ಬರ್ಕೊಳ್ರಿ.” ನಾನು ನಕ್ಕು ಫೋನಿಟ್ಟೆ. ಇಷ್ಟು ವರ್ಷ ತರಗತಿಯಲ್ಲಿ ಅಲಂಕಾರ ಕಲಿಸಿದವನಿಗೆ ಸಾವಿನ ಮುಂದೆ ನಿಂತ ಬರಿಯ ಕ್ರಿಯಾಪದದ ಗಾಂಭೀರ್ಯ ಅರ್ಥವಾಗಲು ಕಾಲ ಬೇಕಾಯಿತು.

ಪತ್ರಕರ್ತರ ಮುಪ್ಪು ಒಂದು ವಿಚಿತ್ರ ಸ್ಥಿತಿ, ಮಿತ್ರರೇ. ಮುದಿ ವರದಿಗಾರನ ಸುತ್ತ, ಅವನೇ ಸುದ್ದಿಯಾಗಿಸಿದ ಜನ ಒಬ್ಬೊಬ್ಬರಾಗಿ ಕರಗುತ್ತಾರೆ: ಅಂದಿನ ಶಾಸಕ, ಅಂದಿನ ತಹಸೀಲ್ದಾರ, ಕುದಾಪುರದ ವರವು ಕಾವಲಿನ ಹುಲ್ಲುಗಾವಲಿನಲ್ಲಿ ದನ ಮೇಯಿಸಲು ಬಿಡಿ ಎಂದು ಬೇಲಿಯ ಮುಂದೆ ಕೂತವರ ಮುಂದಾಳು. ಎಲ್ಲರ ಕೊನೆಯ ಸಾಲನ್ನೂ ಬರೆದು ಮುಗಿಸುವ ಹೊತ್ತಿಗೆ, ತನ್ನ ಸಾಲನ್ನು ಬರೆಯಬಲ್ಲ, ತನ್ನನ್ನು ಬಲ್ಲ ಕೈಯೇ ಉಳಿದಿರುವುದಿಲ್ಲ. ಬರೆದದ್ದೆಲ್ಲ ಮಂಡಕ್ಕಿ ಪೊಟ್ಟಣವಾಗಿ, ಎಣ್ಣೆ ಹೀರಿ, ಗಾಳಿಗೆ ಹೋಗಿರುತ್ತದೆ.

ಮಹಾರುದ್ರಪ್ಪನವರಿಗೆ ಅಂಥ ಒಂದು ಕೈ ಉಳಿದಿತ್ತು: ಚಳ್ಳಕೆರೆಯ ಪಾಲಯ್ಯ. ಎದುರಾಳಿ ಪತ್ರಿಕೆಯ ವರದಿಗಾರ, ಒಂದೇ ಪ್ರಾಯದವರು. ಜೀವನಪೂರ್ತಿ ಒಬ್ಬರ ಸುದ್ದಿ ಇನ್ನೊಬ್ಬರು ಕದಿಯಲು ನೋಡಿ, ಕೊನೆಗೆ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ನಿದ್ದೆ ಮಾಡುತ್ತ ಊರಿಗೆ ಮರಳಿದವರು. ಮೊದಲು ಹೋದವನ ಬಗ್ಗೆ ಉಳಿದವನು ಬರೆಯಬೇಕು ಎಂದು ಇಬ್ಬರಿಗೂ ಮಾತಾಗಿತ್ತು. “ಲೇ, ನಾನೇ ಮೊದ್ಲು ಹೋಗ್ತೀನಿ ಕಣಲೇ. ನಿನ್ನ ಬಗ್ಗೆ ಒಳ್ಳೇದು ಬರೆಯೋ ಕಷ್ಟ ನನಗ್ಯಾಕೆ” ಎನ್ನುತ್ತಿದ್ದರು ಪಾಲಯ್ಯ.

ಹೇಳಿದಂತೆಯೇ ಅವರು ಮೊದಲು ಹೋದರು. ಹೃದಯಾಘಾತ, ಒಂದು ಬೆಳಗ್ಗೆ, ಚಳ್ಳಕೆರೆಯ ಮನೆಯಲ್ಲಿ. ಆ ವೇಳೆಗೆ ಮಹಾರುದ್ರಪ್ಪನವರ ಒಂದು ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಮೂತ್ರಪಿಂಡ ಕೈಕೊಟ್ಟು ವಾರಕ್ಕೆರಡು ಸಲ ಡಯಾಲಿಸಿಸ್. ದೃಷ್ಟಿ ಬೆಳಕು ನೆರಳುಗಳಿಗೆ ಇಳಿದಿತ್ತು. ಹಿಂದಿನ ದಿನವಷ್ಟೇ ರಕ್ತ ಶುದ್ಧಿ ಮಾಡಿಸಿಕೊಂಡು ಸುಸ್ತಾಗಿ ಮಲಗಿದ್ದರು. ಫೋನಿನಲ್ಲಿ ಸುದ್ದಿ ತಿಳಿಸಿ, ನಾಲ್ಕು ಸಾಲು ಹೇಳಿದರೆ ನಾನೇ ಬರೆದುಕೊಳ್ಳುತ್ತೇನೆ ಎಂದೆ.

“ನೋಡಿಲ್ವಲ್ಲ ಮೇಷ್ಟ್ರೇ.”

“ವಿಡಿಯೊ ಕರೆ ಮಾಡಿ ತೋರಿಸಲೇ ಸರ್?”

“ನನ್ನ ಕಣ್ಣಿಗೆ ಎದುರಿಗಿರೋ ಗೌರೀನೇ ಕಾಣಲ್ಲ, ಫೋನಿನಾಗೆ ಏನ್ ಕಾಣ್ತೈತೆ?” ಎಂದವರು, “ಹಂಗಾದ್ರೆ ನಾನು ಬರೆಯಂಗಿಲ್ಲ ಬಿಡ್ರಿ. ಮಾತು ಕೊಟ್ಟಿದ್ದೆ ಅವ್ನಿಗೆ” ಎಂದರು. ಆ ದನಿ ಕೇಳಿದ ಮೇಲೆ ನನಗೆ ಕರಡಿನಲ್ಲಿ ಒಂದು ಸಾಲೂ ತಿದ್ದಲಾಗಲಿಲ್ಲ.

ಪಾಲಯ್ಯನವರ ಹುಟ್ಟೂರು ರಾಂಪುರದ ಕಡೆ. ಮಣ್ಣು ಮಾಡುವುದು ಅಲ್ಲಿಯ ಹೊಲದಲ್ಲಿ. ಹೆದ್ದಾರಿ ಮೊಳಕಾಲ್ಮೂರಿನೊಳಗೆ ಹೋಗದು. ಹಾನಗಲ್ಲೆಂಬ ಹಳ್ಳಿಯ ಹತ್ತಿರ ತಿರುಗಬೇಕು. ವಾಹನವನ್ನು ಅತ್ತ ತಿರುಗಿಸಿ ಮಹಾರುದ್ರಪ್ಪನವರಿಗೆ ಒಮ್ಮೆ ಮುಖ ತೋರಿಸಬಹುದೇ ಎಂದು ನಾನು ಪಾಲಯ್ಯನವರ ಹಿರಿಯ ಮಗನಲ್ಲಿ ಕೇಳಿದೆ. ಆತ ಸಿಡುಕಿದ. “ಹೆಣ ತಗೊಂಡು ಮಂದಿ ಮನೆ ಬಾಗ್ಲಿಗೆ ಹೋಗ್ತಾರೇನ್ರೀ ಸಾರ್? ಆ ಮನೇಲಿ ಬ್ಯಾರೆ ಸೀಕು ಮನುಷ್ಯ ಅವ್ರೆ. ಅವ್ರ ಮನೇರು ಒಪ್ತಾರಾ ಕೇಳ್ರಿ ಮೊದ್ಲು.” ನ್ಯಾಯವಾದ ಮಾತು. ಗೌರಮ್ಮನವರಿಗೆ ಫೋನು ಮಾಡಿ ತೊದಲುತ್ತ ವಿಷಯ ತಿಳಿಸಿದೆ. ಆ ಕಡೆ ಬಳೆಗಳ ಸದ್ದು, ಏನನ್ನೋ ಎತ್ತಿಟ್ಟ ಸದ್ದು. ಬಳಿಕ ಒಂದೇ ವಾಕ್ಯ: “ಕರ್ಕೊಂಬರ್ರಿ, ನೀರಿಗೆ ಉರಿ ಹಾಕ್ತೀನಿ.”

ಅಪರಾಹ್ನ ನನ್ನನ್ನೂ ಹತ್ತಿಸಿಕೊಂಡ ವಾಹನ ಹಾನಗಲ್ಲಿನಲ್ಲಿ ತಿರುಗಿತು. ಬೀದಿಯ ಮಗ್ಗಗಳು ನಿಂತವು. ಗಾಲಿಕುರ್ಚಿಯನ್ನು ವಾಹನದ ಹಿಂಬಾಗಿಲಿಗೆ ಒತ್ತಿ ನಿಲ್ಲಿಸಿದೆವು. ಮಹಾರುದ್ರಪ್ಪನವರು ಮುಂದೆ ಬಾಗಿದರು. ಕಾಣದು ಎಂದು ತಿಳಿದು ಕೈ ಚಾಚಿದರು. ಹಣೆ, ಕಣ್ಣರೆಪ್ಪೆ, ಮೂಗು, ಮೀಸೆ. ಗಲ್ಲದ ಮೇಲೆ ಬೆರಳು ನಿಂತಿತು.

“ಲೇ, ಗಡ್ಡನಾದ್ರೂ ಮಾಡಿಸ್ಕೊಂಡು ಬರಬಾರ್ದೇನಲೇ” ಎಂದರು.

ಸಿಡುಕಿದ್ದ ಮಗ ಮುಖ ಆಚೆ ತಿರುಗಿಸಿಕೊಂಡ. ವಾಹನ ಹೊರಟ ಮೇಲೆ ಗೌರಮ್ಮನವರು ಗಂಡನನ್ನು ಹಿತ್ತಿಲಿಗೆ ಒಯ್ದು ತಂಬಿಗೆ ತಂಬಿಗೆಯಾಗಿ ನೀರು ಹಾಕಿದರು. ಆ ದಿನ ಸಿದ್ಧಾಂತದ ವಾದವಿರಲಿಲ್ಲ. ಮಹಾರುದ್ರಪ್ಪನವರು ಒದ್ದೆ ತಲೆಯಲ್ಲೇ ಕೂತು, “ಬರ್ಕೊಳ್ರಿ ಮೇಷ್ಟ್ರೇ” ಎಂದು ಆರು ವಾಕ್ಯ ಹೇಳಿದರು. ನಾನು ಒಂದಕ್ಷರವನ್ನೂ ಮುಟ್ಟಲಿಲ್ಲ.

ಆಮೇಲಿನದು ಇಳಿಜಾರು. ಮರುವರ್ಷದ ಚಳಿಗಾಲಕ್ಕೆ ಮಹಾರುದ್ರಪ್ಪನವರು ಜಿಲ್ಲಾಸ್ಪತ್ರೆ ಸೇರಿದಾಗ ಸುದ್ದಿ ಸಂಪಾದಕರು ನನಗೆ ಫೋನು ಮಾಡಿ, “ಹಿರಿಯರು, ಒಂದು ಒಳ್ಳೇ ಬರಹ ಈಗಲೇ ಸಿದ್ಧಮಾಡಿ ಇಟ್ಟುಬಿಡಿ” ಎಂದರು. ಇದು ಪತ್ರಿಕೆಗಳ ವಾಡಿಕೆ. ಇದರಲ್ಲಿ ಕ್ರೌರ್ಯವಿಲ್ಲ, ಅವಸರವಿದೆ ಅಷ್ಟೆ. ಶಿಸ್ತಿನ ಮನುಷ್ಯನಾದ ನಾನು ಬರೆದೆ. ಹುಟ್ಟು, ಊರು, ವೃತ್ತಿ ಎಲ್ಲ ತುಂಬಿದವು. ದಿನಾಂಕದ ಜಾಗ ಮಾತ್ರ ಖಾಲಿ. ಬದುಕಿರುವವರ ಬಗ್ಗೆ ಭೂತಕಾಲದಲ್ಲಿ ಬರೆಯುವಾಗ ಪ್ರತಿ ಕ್ರಿಯಾಪದವೂ ನನ್ನನ್ನೇ ನೋಡಿದಂತಾಗುತ್ತಿತ್ತು.

ಹಾಸಿಗೆಯ ಬಳಿ ಹೋದಾಗ ಅವರೇ ಕೇಳಿದರು. “ಡೆಸ್ಕಿನೋರು ಕೇಳಿರ್ಬೇಕಲ್ಲ? ಬರ್ದೀರಾ?” ನಾನು ಸುಳ್ಳು ಹೇಳಲಾರದೆ ಹೂಂಗುಟ್ಟಿದೆ. ನಕ್ಕರು. “ನೋಡಿ ಕಳಿಸ್ರಿ, ಅಷ್ಟೆ.”

ಫೆಬ್ರುವರಿಯಲ್ಲಿ, ಇನ್ನು ಮಾಡುವುದೇನೂ ಇಲ್ಲವೆಂದು ವೈದ್ಯರು ಮನೆಗೆ ಕಳುಹಿಸಿದರು. ಅದರ ಮಾರನೆಯ ಮಧ್ಯಾಹ್ನ ಪತ್ರಕರ್ತರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಅವರ ಹಳೆಯ ಫೋಟೊ ಹಾಕಿ ಕೆಳಗೆ ‘ಓಂ ಶಾಂತಿ’ ಎಂದು ಬರೆದರು. ಕ್ಷಣಮಾತ್ರದಲ್ಲಿ ಮುಗಿದ ಕೈಗಳ ಚಿತ್ರಗಳ ಸಾಲು. ಸುದ್ದಿ ಸಂಪಾದಕರು ಕರೆ ಮಾಡಿದರು: “ಎಲ್ಲರೂ ಹಾಕಿಯಾಯಿತು, ನಮ್ಮವರದೇ ನಮ್ಮಲ್ಲಿಲ್ಲ. ದಿನಾಂಕ ತುಂಬಿ ಕಳುಹಿಸಿ.” ಗೌರಮ್ಮನವರ ಫೋನು ಯಾರೂ ಎತ್ತಲಿಲ್ಲ. ಬೆರಳು ಗುಂಡಿಯ ಮೇಲಿತ್ತು, ದಿನಾಂಕವನ್ನೂ ತುಂಬಿದ್ದೆ. ಆದರೆ ಅಂಗಿ ಹಿಡಿದ, ತಿಪ್ಪೇಸ್ವಾಮಿಯ ಆ ತಂಗಿಯ ಕೈ, ನಾನೆಂದೂ ಕಾಣದ ಕೈ, ನನ್ನ ಅಂಗಿಯನ್ನೂ ಹಿಡಿದಿತ್ತು. ತುಂಬಿದ್ದನ್ನು ಅಳಿಸಿದೆ. “ನೋಡಿಲ್ಲ ಸರ್, ನೋಡಿ ಕಳುಹಿಸುತ್ತೇನೆ” ಎಂದು ಬಸ್ಸು ಹತ್ತಿದೆ. ಅವರು ಬೈದದ್ದು ಎಂಜಿನ್ನಿನ ಸದ್ದಿನಲ್ಲಿ ಅರ್ಧ ಕೇಳಿಸಿತು.

ಬೀದಿಯ ತಿರುವಿನಲ್ಲೇ ನನ್ನ ಕಣ್ಣು ಹಿತ್ತಿಲಿನ ಕಡೆ ಹೋಯಿತು. ಹೊಗೆ ಇರಲಿಲ್ಲ. ಓಡಿದೆ ಎಂದರೆ ನನ್ನ ವಯಸ್ಸಿಗೆ ಅತಿಶಯೋಕ್ತಿಯಾದೀತು; ಬೇಗ ನಡೆದೆ. ಹಂಡೆ ತಣ್ಣಗಿತ್ತು. ಒಳಗೆ, ಗೋಡೆಯ ಪಕ್ಕದ ಮಂಚದ ಮೇಲೆ, ಅವರ ಎದೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ತಲೆದೆಸೆಯಲ್ಲಿ ಗೌರಮ್ಮನವರು ಸ್ಪೂನಿನಲ್ಲಿ ನೀರು ಹಿಡಿದು ಕೂತಿದ್ದರು.

“ಯಾರು?” ಎಂದರು ಮಹಾರುದ್ರಪ್ಪನವರು, ತುಟಿಯಲ್ಲಿ.

“ಮೇಷ್ಟ್ರು ಬಂದವ್ರೆ.”

“ಎಲ್ಲ ಹಾಕಿಬಿಟ್ರಂತೆ… ಪಕ್ಕದ ಮನೆ ಹುಡುಗ್ರು ಹೇಳಿದ್ರು.” ಒಂದು ಸ್ಪೂನು ನೀರು ಗುಟುಕರಿಸಿದರು. “ನೀವು?”

“ಇಲ್ಲ ಸರ್.”

ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು. ಶಾಲೆಯಲ್ಲಿ ನನಗೆ ಸಿಕ್ಕ ಯಾವ ಪ್ರಶಸ್ತಿಯೂ ಆ ಹಿಡಿತಕ್ಕೆ ಸಮನಲ್ಲ. ಅದು ಎಷ್ಟು ಸಡಿಲವಾಗಿತ್ತೆಂದರೆ, ಜಾರಿಹೋಗದಿರಲು ನಾನೇ ಹಿಡಿದುಕೊಳ್ಳಬೇಕಾಯಿತು. ಆ ರಾತ್ರಿ ಅಲ್ಲಿಯೇ ಉಳಿದೆ.

ಬೆಳಕು ಹರಿದು, ಎದುರು ಮನೆಯಲ್ಲಿ ಮಗ್ಗದ ಲಾಳಿ ಓಡತೊಡಗಿದ ಮೇಲೆ, ಆ ಎದೆ ಇಳಿದದ್ದು ಏರಲಿಲ್ಲ. ನಾನು ಬಾಗಿ ಮುಖ ನೋಡಿದೆ. ವಿಧಿಯಾಗಲಿ ವೈಕುಂಠವಾಗಲಿ ಕಾಣಲಿಲ್ಲ. ಗಲ್ಲದ ಮೇಲೆ ಬೆಳೆದ ಗಡ್ಡ ಕಂಡಿತು, ಅಷ್ಟೆ.

ಗೌರಮ್ಮನವರು ಎದ್ದು ಹಿತ್ತಿಲಿಗೆ ಹೋದರು. ಈ ಸಲ ಉರಿ ಹಾಕಲೇ ಎಂದು ಕೇಳಲು ಯಾರೂ ಇರಲಿಲ್ಲ. ಸೌದೆ ಹತ್ತಿಕೊಂಡಿತು, ಹೊಗೆ ಎದ್ದಿತು, ಎದುರು ಮನೆಯ ಲಾಳಿ ನಿಂತಿತು. ಊರಿನ ಸಾವುಗಳನ್ನೆಲ್ಲ ಹೊತ್ತು ಬಂದ ಮೈಗೆಂದು ಇಷ್ಟು ವರ್ಷ ಕಾದ ನೀರು, ಇವತ್ತು ಆ ಮೈಯನ್ನೇ ಕಳುಹಿಸಿಕೊಡಲು ಕಾಯುತ್ತಿತ್ತು. ನಾನು ತಣ್ಣೀರಿನ ಕೊಡ ಎತ್ತಿ ಹಂಡೆಗೆ ಸುರಿದೆ.

“ಮುಖ ನೋಡಿದ್ರಾ ಮೇಷ್ಟ್ರೇ?” ಎಂದರು ಅವರು, ಉರಿಯಿಂದ ಕಣ್ಣೆತ್ತದೆ.

“ನೋಡಿದೆನಮ್ಮಾ.”

“ಹಂಗಾದ್ರೆ ಕಳಿಸ್ರಿ.”

ಒಲೆಯ ಪಕ್ಕದ ಕಲ್ಲಿನ ಮೇಲೆ ಕೂತು, ಖಾಲಿ ಬಿಟ್ಟಿದ್ದ ಜಾಗವನ್ನು ತುಂಬಿದೆ: ೨೦೨೪ನೆಯ ಇಸವಿ ಫೆಬ್ರುವರಿ ೧೩, ಮಂಗಳವಾರ.